ಪೆಟ್ರೋಲ್ ಯಾವ ವರ್ಷದ್ದು?

ಕಾದಂಬರಿಗಳ ಕರಡು ತಿದ್ದುವುದು ನನ್ನ ಕೆಲಸ. ಅದರಲ್ಲೂ ವೈಜ್ಞಾನಿಕ ಕತೆಗಳೇ ಜಾಸ್ತಿ. ಪದೇ ಪದೇ ನನ್ನ ಮೇಜಿಗೆ ಬರುವುದು ಒಂದೇ ಬಗೆಯ ಕತೆ. ಏಲಿಯನ್‌ಗಳು ಬಂದರು, ಊರುಗಳು ನೆಲಸಮವಾದವು, ಅಳಿದುಳಿದ ನಾಲ್ಕು ಜನ ಹೇಗೋ ಬದುಕುತ್ತಿದ್ದಾರೆ.

ಮೊದಮೊದಲು ನಾನು ಏಲಿಯನ್‌ಗಳ ಹಿಂದೆಯೇ ಬೀಳುತ್ತಿದ್ದೆ. ಭೂಮಿಯ ನೀರು ಕದಿಯಲು ಬಂದರು ಅಂತ ಇದ್ದರೆ ತಕ್ಷಣ ಕೆಂಪು ಗೆರೆ. ಗುರುವಿನ ಚಂದ್ರ ಯುರೋಪಾದಲ್ಲೇ ನಮ್ಮ ಎಲ್ಲ ಸಮುದ್ರಗಳಿಗಿಂತ ಜಾಸ್ತಿ ನೀರಿರಬಹುದು ಅಂತ ವಿಜ್ಞಾನಿಗಳ ಲೆಕ್ಕ. ಅದನ್ನು ದಾಟಿ ಇಲ್ಲಿಗೆ ಯಾಕೆ ಬರಬೇಕು? 1977ರಲ್ಲಿ ಹೊರಟ ವಾಯೇಜರ್ 1 ವ್ಯೋಮನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುತ್ತಿದೆ. ಆ ವೇಗದಲ್ಲಿ ಹತ್ತಿರದ ನಕ್ಷತ್ರದಷ್ಟು ದೂರ ಹೋಗಲು 70 ಸಾವಿರ ವರ್ಷಕ್ಕೂ ಹೆಚ್ಚು ಬೇಕು. ಅಷ್ಟು ದೂರ ದಾಟಿ ಬರುವವರಿಗೆ ನಮ್ಮ ಬಾವಿ ನೀರು ಯಾತಕ್ಕೆ, ಅಲ್ವಾ? ಈಗ ಇದಕ್ಕೆಲ್ಲ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಏಲಿಯನ್ ಯಾಕೆ ಬಂದ ಅನ್ನುವುದನ್ನು ಓದುಗರು ಹೇಗೋ ನುಂಗಿಕೊಳ್ಳುತ್ತಾರೆ. ಕಾರು ಹೇಗೆ ಸ್ಟಾರ್ಟ್ ಆಯ್ತು ಅನ್ನುವುದನ್ನು ಮಾತ್ರ ಬಿಡುವುದಿಲ್ಲ.

ಇದು ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ. ನಾನು ತಿದ್ದಿದ ಒಂದು ಪುಸ್ತಕದಲ್ಲಿ ದಾಳಿಯಾಗಿ ಒಂಬತ್ತು ವರ್ಷವಾಗಿರುತ್ತದೆ. ನಾಯಕನಿಗೆ ಒಂದು ಶೆಡ್ಡಿನಲ್ಲಿ ಕಾರು ಸಿಗುತ್ತದೆ. ಕೀಲಿ ತಿರುಗಿಸುತ್ತಾನೆ, ಎಂಜಿನ್ ಗುಡುಗುತ್ತದೆ, ಹೊರಟೇಬಿಡುತ್ತಾನೆ. ಆ ಪುಟದಲ್ಲಿ ನಾನು ಮೂರು ಅಲ್ಪವಿರಾಮ ಸರಿಮಾಡಿದ್ದೆ. ಪುಸ್ತಕ ಬಂದ ತಿಂಗಳಿಗೆ ಒಬ್ಬ ಓದುಗರಿಂದ ಕಾಗದ ಬಂತು. ಗಾಡಿ ರಿಪೇರಿ ಮಾಡಿ ನಿವೃತ್ತರಾದವರು. ನಾಲ್ಕೇ ಸಾಲು ಬರೆದಿದ್ದರು. 'ಬ್ಯಾಟರಿ ಸತ್ತಿರುತ್ತದೆ. ಪೆಟ್ರೋಲ್ ಅಂಟಾಗಿರುತ್ತದೆ. ಟೈರು ಬಿರುಕು ಬಿಟ್ಟಿರುತ್ತದೆ. ಅಚ್ಚಿಗೆ ಮುಂಚೆ ಇದನ್ನು ಯಾರೂ ಓದಲಿಲ್ಲವೇ?'

ನಾನು ನಾಲ್ಕು ಸಲ ಓದಿದ್ದೆ.

ಅವರು ಹೇಳಿದ್ದು ಪೂರ್ತಿ ನಿಜ. ಪೆಟ್ರೋಲಿನ ಹಗುರ ಭಾಗ ಮೊದಲು ಆವಿಯಾಗಿ ಹೋಗುತ್ತದೆ. ಉಳಿದದ್ದು ಗಾಳಿಯ ಜೊತೆ ಸೇರಿ ಗೋಂದಿನ ಹಾಗೆ ಆಗುತ್ತದೆ. ಚೆನ್ನಾಗಿ ಮುಚ್ಚಿಟ್ಟರೂ ಕೆಲವು ತಿಂಗಳು, ಹೆಚ್ಚೆಂದರೆ ವರ್ಷದ ಆಚೀಚೆ. ಎಥೆನಾಲ್ ಬೆರೆಸಿದ್ದಾದರೆ ತೇವ ಎಳೆದುಕೊಂಡು ಇನ್ನೂ ಬೇಗ ಕೆಡುತ್ತದೆ. ಡೀಸೆಲ್ ಸ್ವಲ್ಪ ಜಾಸ್ತಿ ದಿನ ತಾಳುತ್ತದೆ. ಆದರೆ ಟ್ಯಾಂಕಿನ ತಳದಲ್ಲಿ ನೀರು ನಿಂತರೆ ಅಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಒಂಬತ್ತು ವರ್ಷ ಚಾರ್ಜ್ ಕಾಣದ ಬ್ಯಾಟರಿ ಬಗ್ಗೆ ಮಾತೇ ಬೇಡ.

ಆ ಕಾಗದ ಬಂದ ಮೇಲೆ ಒಂದು ಹಾಳೆ ಮಾಡಿ ಗೋಡೆಗೆ ಅಂಟಿಸಿದೆ. ಮೇಲೆ 'ಆಯಸ್ಸು' ಅಂತ ಬರೆದೆ. ಯಾವ ವಸ್ತು ಎಷ್ಟು ದಿನ ಬಾಳುತ್ತದೆ ಅನ್ನುವ ಪಟ್ಟಿ ಅದು. ಕರೆಂಟ್: ಉತ್ಪಾದನೆ ಮತ್ತು ಬಳಕೆ ಕ್ಷಣಕ್ಷಣಕ್ಕೂ ಸಮ ಇರಬೇಕು, ನೋಡಿಕೊಳ್ಳುವವರು ಇಲ್ಲದಿದ್ದರೆ ಬಹುಪಾಲು ಕಡೆ ಬೇಗನೇ ಕತ್ತಲು. ನಲ್ಲಿ: ಪಂಪು ನಿಂತು, ಮೇಲಿನ ಟ್ಯಾಂಕು ಖಾಲಿಯಾಗುವ ತನಕ. ಅಣು ಸ್ಥಾವರ: ಇದಕ್ಕೆ ಎರಡು ಕೆಂಪು ಗೆರೆ ಎಳೆದಿದ್ದೇನೆ. ರಿಯಾಕ್ಟರ್ ಆಫ್ ಮಾಡಿದರೂ ಒಳಗಿನ ಇಂಧನದ ಬಿಸಿ ನಿಲ್ಲುವುದಿಲ್ಲ, ತಣ್ಣೀರು ಹರಿಯುತ್ತಲೇ ಇರಬೇಕು. 2011ರಲ್ಲಿ ಜಪಾನಿನ ಫುಕುಶಿಮಾ ಸ್ಥಾವರದಲ್ಲಿ ರಿಯಾಕ್ಟರ್‌ಗಳು ಭೂಕಂಪಕ್ಕೆ ಸರಿಯಾಗಿಯೇ ನಿಂತಿದ್ದವು. ಆಮೇಲೆ ಬಂದ ಸುನಾಮಿ ಜನರೇಟರ್‌ಗಳನ್ನು ಮುಳುಗಿಸಿತು, ತಂಪು ಮಾಡಲು ಕರೆಂಟ್ ಇರಲಿಲ್ಲ. ಹಾಗಾಗಿ ಎಲ್ಲರೂ ಓಡಿಹೋದ ಸ್ಥಾವರದ ಪಕ್ಕದಲ್ಲೇ ನಿಮ್ಮ ನಾಯಕಿ ತರಕಾರಿ ಬೆಳೆಯುತ್ತಿದ್ದರೆ ನಾನು ಎರಡು ಮಾತು ಕೇಳಲೇಬೇಕಾಗುತ್ತದೆ.

ಪಟ್ಟಿ ಚೆನ್ನಾಗಿಯೇ ಇತ್ತು. ಆದರೆ ಅದು ನನ್ನ ತಲೆಗೇರಿತು.

ಒಬ್ಬ ಹೊಸ ಲೇಖಕಿಯ ಕರಡು ಬಂತು. ದಾಳಿಯಾಗಿ ಹನ್ನೆರಡು ವರ್ಷ. ಅಕ್ಕ, ತಮ್ಮ ಒಂದು ಪಾಳು ಕಟ್ಟಡದಲ್ಲಿ ಬೇಯಿಸಿದ ಕಾಳು ತುಂಬಿ ಸೀಲ್ ಮಾಡಿದ ತಗಡು ಡಬ್ಬಿ ಹುಡುಕಿ ತೆಗೆಯುತ್ತಾರೆ. ಅದನ್ನು ತೆರೆಯಲು ಕೈಯಲ್ಲಿ ಯಾವ ಸಲಕರಣೆಯೂ ಇಲ್ಲ. ಅಕ್ಕ ಡಬ್ಬಿಯನ್ನು ಬೋರಲು ಹಾಕಿ, ಅಂಚನ್ನು ಸಿಮೆಂಟ್ ನೆಲಕ್ಕೆ ಉಜ್ಜುತ್ತಾಳೆ. ಅಂಚು ಸವೆದು ರಸ ಜಿನುಗುತ್ತದೆ. ತಮ್ಮ ಕಾಳುಗಳನ್ನು ಒಂದೊಂದಾಗಿ ಎಣಿಸಿ ಎರಡು ಪಾಲು ಮಾಡುತ್ತಾನೆ. ಒಂದು ಕಾಳು ಮಿಗುತ್ತದೆ. ಇಡೀ ದೃಶ್ಯಕ್ಕೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ 'ಅವಧಿ ಮುಗಿದು ಹತ್ತು ವರ್ಷ' ಅಂತ ಬರೆದು ಕಳಿಸಿದೆ.

ಮಾರನೇ ದಿನ ಫೋನ್ ಬಂತು.

"ಮೇಡಂ, ಡಬ್ಬಿ ಸೀನ್ ಯಾಕೆ ತೆಗೆದ್ರಿ?"

"ಡೇಟ್ ಮುಗಿದಿದೆಯಲ್ಲಮ್ಮ."

"ಡೇಟ್ ಮುಗಿದಿರೋದು ಕಂಪನಿಯವರ ಲೆಕ್ಕಕ್ಕೆ ಮೇಡಂ. ಡಬ್ಬಿಗೆ ಅದು ಗೊತ್ತಿಲ್ಲ."

ಆಮೇಲೆ ಬರ್ಟ್ರಂಡ್ ಹಡಗಿನ ವಿಷಯ ಹೇಳಿದಳು. ಅಮೆರಿಕದ ಮಿಸೌರಿ ನದಿಯಲ್ಲಿ 1865ರಲ್ಲಿ ಮುಳುಗಿದ ಹಬೆ ದೋಣಿ. 1968ರಲ್ಲಿ ಅದನ್ನು ಪತ್ತೆ ಮಾಡಿ ಅಗೆದರು. ಒಳಗಿದ್ದ ಆಹಾರದ ಡಬ್ಬಿಗಳನ್ನು 1974ರಲ್ಲಿ ಪರೀಕ್ಷೆ ಮಾಡಿದರು. ನೂರು ವರ್ಷ ದಾಟಿದ ಡಬ್ಬಿ! ಪರಿಮಳ ಹೋಗಿತ್ತು, ಕೆಲವು ಜೀವಸತ್ವ ಕಡಿಮೆಯಾಗಿತ್ತು, ಆದರೆ ರೋಗಾಣು ಬೆಳೆದಿರಲಿಲ್ಲ. ಹೊಸ ಪೆಟ್ರೋಲ್ ವರ್ಷದೊಳಗೆ ಸಾಯುತ್ತದೆ, ಹಳೆಯ ತಗಡು ಡಬ್ಬಿ ಅಜ್ಜನ ಕಾಲದಿಂದ ಕೂತಿರುತ್ತದೆ. ನನ್ನ ಪಟ್ಟಿ ಇದನ್ನು ಊಹೆ ಮಾಡಿರಲೇ ಇಲ್ಲ.

ಮಾನ ಉಳಿಸಿಕೊಳ್ಳಲು, "ಸರಿ, ಆದರೆ ಉಬ್ಬಿದ ಡಬ್ಬಿ ಮುಟ್ಟಬಾರದು, ಅದನ್ನು ಸೇರಿಸು" ಅಂದೆ. ಅವಳು ಸ್ವಲ್ಪ ಸುಮ್ಮನಿದ್ದು, "ಇದೆ ಮೇಡಂ, ಮೂರನೇ ಸಾಲು" ಅಂದಳು. ತೆಗೆದು ನೋಡಿದೆ. ಅಕ್ಕ ಹೆಬ್ಬೆರಳಿನಿಂದ ಮುಚ್ಚಳ ಒತ್ತಿ ನೋಡಿ, ಉಬ್ಬಿದ ಎರಡು ಡಬ್ಬಿಗಳನ್ನು ದೂರ ಎಸೆದಿದ್ದಳು. ಗೆರೆ ಎಳೆಯುವ ಆತುರದಲ್ಲಿ ನಾನು ಆ ಸಾಲು ಓದಿರಲಿಲ್ಲ.

ಅದೇ ಕರಡಿನಲ್ಲಿ ಸಕ್ಕರೆ ಕಾಯಿಲೆಯ ಒಬ್ಬ ಹುಡುಗ ಇದ್ದ. ನನ್ನ ಟಿಪ್ಪಣಿ ಹೀಗಿತ್ತು: 'ಇನ್ಸುಲಿನ್ ಸಿಗುವುದಿಲ್ಲ. ನಾಲ್ಕನೇ ಅಧ್ಯಾಯದಾಚೆ ಈ ಪಾತ್ರ ಬದುಕಲಾರದು.' ಇದಕ್ಕೆ ಅವಳು ವಾದ ಮಾಡಲಿಲ್ಲ. ಒಂದು ಹೆಸರು ಕಳಿಸಿದಳು, ಅಷ್ಟೇ. ಇವಾ ಸಾಕ್ಸಲ್.

ಎರಡನೇ ಮಹಾಯುದ್ಧದಲ್ಲಿ ಯುರೋಪಿನಿಂದ ತಪ್ಪಿಸಿಕೊಂಡು ಗಂಡನ ಜೊತೆ ಶಾಂಘೈ ಸೇರಿದ ಹೆಂಗಸು. ಅವರಿಗೇ ಸಕ್ಕರೆ ಕಾಯಿಲೆ ಇತ್ತು. ಜಪಾನಿನ ವಶದಲ್ಲಿದ್ದ ಆ ಊರಿನಲ್ಲಿ ಇನ್ಸುಲಿನ್ ಸಿಗದಾಯಿತು. ಗಂಡ ಹೆಂಡತಿ ವೈದ್ಯಕೀಯ ಪುಸ್ತಕ ಹುಡುಕಿ, ಎಮ್ಮೆಗಳ ಮೇದೋಜೀರಕ ಗ್ರಂಥಿಯಿಂದ ತಾವೇ ಇನ್ಸುಲಿನ್ ತೆಗೆದರು. ಮೊದಲು ಮೊಲಗಳ ಮೇಲೆ ಪರೀಕ್ಷೆ. ಔಷಧಿ ಕಂದು ಬಣ್ಣಕ್ಕಿತ್ತಂತೆ. ಅವರೂ ಬದುಕಿದರು, ಅಲ್ಲಿನ ಎಷ್ಟೋ ರೋಗಿಗಳೂ ಬದುಕಿದರು. ಯಾವ ಏಲಿಯನ್ನೂ ಬರದೆಯೇ ಇಷ್ಟೆಲ್ಲ ಆಗಿಹೋಗಿದೆ. ನಾನು ಮಾತ್ರ ಇಲ್ಲಿ ಕುರ್ಚಿಯಲ್ಲಿ ಕೂತು ಆ ಹುಡುಗನನ್ನು ನಾಲ್ಕನೇ ಅಧ್ಯಾಯದಲ್ಲಿ ಮುಗಿಸಿದ್ದೆ.

ಟಿಪ್ಪಣಿ ಅಳಿಸಿ ಬೇರೆ ಬರೆದೆ. ಪ್ರಾಣಿಗಳು ಎಲ್ಲಿವೆ? ಕೊಯ್ಯಲು ಯಾರಿಗೆ ಬರುತ್ತದೆ? ತೆಗೆದದ್ದನ್ನು ತಂಪಾಗಿ ಎಲ್ಲಿ ಇಡುತ್ತಾರೆ? ಮೊದಲ ಸೂಜಿ ಹುಡುಗನಿಗೋ, ಬೇರೆ ಯಾರಿಗಾದರೂ ಚುಚ್ಚಿ ನೋಡುತ್ತಾರೋ?

ಕೊನೆಯ ಪ್ರಶ್ನೆಗೆ ಹದಿನಾಲ್ಕು ಪುಟ ಬಂತು. ಪ್ರಾಣಿಗಳಿಗಾಗಿ ಗುಂಪು ಈಗ ಸಮುದ್ರದ ಕಡೆ ಹೋಗುವುದನ್ನು ಬಿಟ್ಟು, ದನ ಮೇಯುವ ಹುಲ್ಲುಗಾವಲಿನ ಕಡೆ ತಿರುಗಿತು. ಅಲ್ಲಿ ಬರೀ ಬಯಲು, ಏಲಿಯನ್‌ಗಳಿಗೆ ಎಲ್ಲವೂ ಕಾಣುತ್ತದೆ. ಒಬ್ಬ ಹುಡುಗನಿಗಾಗಿ ಹನ್ನೊಂದು ಜನ ಬಯಲಿಗೆ ಬರಬೇಕೋ ಬೇಡವೋ ಅಂತ ರಾತ್ರಿಯಿಡೀ ಜಗಳ. ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಅದೇ. ಹುಡುಗ ಕೊನೆಯ ಪುಟದ ತನಕ ಇದ್ದಾನೆ.

ಗೋಡೆಯ ಹಾಳೆ ಇನ್ನೂ ಇದೆ. ಡಬ್ಬಿಯ ಸಾಲನ್ನು ಹೊಡೆದುಹಾಕಿ ಬರ್ಟ್ರಂಡ್ ಅಂತ ಬರೆದಿದ್ದೇನೆ. ಇನ್ಸುಲಿನ್ ಮುಂದೆ ಬರೀ ಪ್ರಶ್ನಾರ್ಥಕ ಚಿಹ್ನೆ.

ಹೋದ ವಾರ ಇನ್ನೊಂದು ಕರಡು ಬಂತು. ಮೊದಲ ಪುಟದಲ್ಲೇ ಒಬ್ಬ ಮುದುಕ, ದಾಳಿಯಾಗಿ ಐದು ವರ್ಷವಾದ ಮೇಲೆ, ಕಾರಿಗೆ ಕೀಲಿ ಹಾಕುತ್ತಾನೆ. ಕೈ ತಾನಾಗಿಯೇ ಹೋಗಿ 'ಪೆಟ್ರೋಲ್ ಯಾವ ವರ್ಷದ್ದು?' ಅಂತ ಬರೆಯಿತು. ಆಮೇಲೆ ಪುಟ ತಿರುಗಿಸಿದೆ. ಅವನು ಬಾಗಿಲು ತೆಗೆದು, ಸೀಟು ಹಿಂದಕ್ಕೆ ಬಾಗಿಸಿ, ಒಳಗಿನಿಂದ ಬೀಗ ಹಾಕಿಕೊಂಡು ಮಲಗಿದ್ದ. ಬರೆದದ್ದನ್ನು ಅಳಿಸಿ ಮುಂದಿನ ಪುಟಕ್ಕೆ ಹೋದೆ.