ಸ್ಕಿನ್ ಶೀಟ್‌ಗೆ ರೊಕ್ಕ ಐತಿ, ಚಪ್ಪಲಿಗೆ ಇಲ್ಲ

ಬಾಗಲಕೋಟೆಯ ಒಂದು ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನ್ಯಾಗ ನನ್ನ ಡ್ಯೂಟಿ. ಮೊನ್ನೆ ಒಬ್ಬ ಪೇಷಂಟ್‌ನ ಪಾದದ ಹುಣ್ಣಿಗೆ ಕಲ್ಚರ್ಡ್ ಸ್ಕಿನ್ ಶೀಟ್, ಅಂದ್ರ ಲ್ಯಾಬಿನ್ಯಾಗ ಬೆಳೆಸಿದ ಚರ್ಮದ ಹಾಳಿ, ಹಾಕೋದಿತ್ತು, ಬಾಕ್ಸ್ ಬಿಚ್ಚಿ ಟ್ರಾಲಿ ಮ್ಯಾಲೆ ಇಟ್ಟೀವಿ, ಡಾಕ್ಟರ್ ಸರ್ ಇನ್ನೂ ಆಪರೇಷನ್ ಥಿಯೇಟರ್‌ನಿಂದ ಬಂದಿಲ್ಲ, ಅಷ್ಟರಾಗ ಹೊಸದಾಗಿ ಸೇರಿದ ಬ್ರದರ್ ದಿನದ ರೂಢಿಯಂಗ ಬೆಟಾಡಿನ್ ಬಾಟ್ಲಿ ಎತ್ತಿ ಹುಣ್ಣಿನ ಮ್ಯಾಲೆ ಹಾಕಾಕ ಹೋದ. "ಏ ತಮ್ಮಾ, ಬ್ಯಾಡ!" ಅಂತ ಜೋರಾಗಿ ಒದರಿದೆ. ಟೇಬಲ್ ಮ್ಯಾಲೆ ಮಲಗಿದ್ದ ಕಾಕಾನೂ ಬೆಚ್ಚಿಬಿದ್ರು. ಶೀಟಿನ್ಯಾಗ ಇರೋದು ಜೀವಂತ ಸೆಲ್ ರೀ, ಕೆಳಗ ಕೊಲಾಜನ್ ಅನ್ನೋ ಪ್ರೋಟೀನಿನೊಳಗ ಫೈಬ್ರೊಬ್ಲಾಸ್ಟ್ (ಚರ್ಮದ ಒಳಪದರಿನ ಸೆಲ್), ಮ್ಯಾಲೆ ಕೆರಟಿನೋಸೈಟ್ (ಹೊರಪದರಿನ ಸೆಲ್). ಬೆಟಾಡಿನ್ ಉಳಿದಿದ್ರ ಅವು ಸಾಯ್ತಾವು. ಸಲೈನಿಂದನ ಮತ್ತ ಮತ್ತ ತೊಳಸಿದೆ. ಸರ್ ಬಂದು ಶೀಟಿಗೆ ಸಣ್ಣ ಸಣ್ಣ ಕೊಯ್ತ ಹಾಕಿ, ಫೈಬ್ರೊಬ್ಲಾಸ್ಟ್ ಕಡೆ ಕೆಳಗ ಮಾಡಿ ಕೂಡ್ರಿಸೋವರೆಗೂ ನನಗ ಉಸಿರು ಬಿಡಾಕ ಆಗಿದ್ದಿಲ್ಲ.

ಕಾಕಾ ಇಳಕಲ್ ಕಡೆಯವರು, ಕುಣಿ ಮಗ್ಗದಾಗ ಸೀರಿ ನೇಯ್ತಾರ. ಶುಗರ್‌ನಿಂದ ಪಾದದಾಗ ಸ್ಪರ್ಶಾನ ಇಲ್ಲ. ಹುಣ್ಣು ಎಲ್ಲಿ ಅಂದ್ರ ಹೆಬ್ಬೆರಳಿನ ಬುಡಕ್ಕ, ಮಗ್ಗದ ಪೆಡಲ್ ತುಳಿಯೋ ಜಾಗಾದಾಗನ. ನೋವ ಗೊತ್ತಾಗಂಗಿಲ್ಲ, ಹಿಂಗಾಗಿ ತುಳೀತಾನ ಇದ್ರು. ಕಾಲಿಗೆ ರಕ್ತ ಹರೀತೈತೇನು ಅಂತ ಡಾಪ್ಲರ್ ನೋಡಿ, ಎಕ್ಸ್‌ರೇದಾಗ ಎಲುಬಿಗೆ ಹತ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಸತ್ತ ಮಾಂಸ ತಗದು (ಡಿಬ್ರೈಡ್ ಮಾಡಿ), ಇನ್ಫೆಕ್ಷನ್ ಇಳಿಸಿ, 4 ವಾರ ಸರಿಯಾಗಿ ಡ್ರೆಸ್ಸಿಂಗ್ ಮಾಡಿದ್ರೂ ಹುಣ್ಣು ಅರ್ಧಕ್ಕ ಇಳೀಲಿಲ್ಲ, ಅದಕ್ಕ ಶೀಟಿನ ಮಾತು ಬಂತು. ಇದು ಹೊಸಾದೇನಲ್ಲ, ಅಮೆರಿಕಾದಾಗ ಆಪ್ಲಿಗ್ರಾಫ್ ಅನ್ನೋ ಇಂಥದ ಶೀಟಿಗೆ 1998ರಾಗ ವೀನಸ್ ಅಲ್ಸರ್‌ಗೆ (ರಕ್ತನಾಳದ ತೊಂದರಿಯಿಂದ ಆಗೋ ಕಾಲಿನ ಹುಣ್ಣು), 2000ದಾಗ ಶುಗರ್‌ನಿಂದ ಆಗೋ ಪಾದದ ಹುಣ್ಣಿಗೆ ಒಪ್ಪಿಗೆ ಸಿಕ್ಕೈತಿ.

"ಅಕ್ಕಾರ, ಇದು ನನ್ನ ಚರ್ಮನ ಆಗಿ ಉಳೀತೈತೇನ್ರಿ?" ಅಂದ್ರು ಕಾಕಾ. ಇಲ್ರಿ ಅಂದೆ. ಇದರ ಸೆಲ್ ಸ್ವಲ್ಪ ದಿನ ಇದ್ದು ಗಾಯ ಮಾಯಾಕ ನೆರವಾಗೋ ಗ್ರೋತ್ ಫ್ಯಾಕ್ಟರ್ ಬಿಟ್ಟು ಹೋಗ್ತಾವು, ಅಂಚಿನಿಂದ ಬರೋದು ನಿಮ್ಮದ ಚರ್ಮ, ಆದ್ರ ನೀವು ಪೆಡಲ್ ತುಳದ್ರ ಅದೂ ಬರಂಗಿಲ್ಲ. ಎಷ್ಟೋ ಕಡೆ ಪೇಷಂಟ್‌ಗೆ ಇದನ್ನ ಹೇಳೂದ ಇಲ್ಲ, ಹೊಸಾ ಚರ್ಮ ಹಾಕೀವಿ ಅಂತ ಕಳಸ್ತಾರ, ಅವರು ಮಾರನೇ ದಿನ ಕೆಲಸಕ್ಕ ಕೂಡ್ತಾರ.

ನನಗ ಸಿಟ್ಟು ಬರೋದು ಇಲ್ಲೇ. ಅಷ್ಟು ದುಬಾರಿ ಶೀಟಿನ ಬಿಲ್ ಮ್ಯಾನೇಜ್‌ಮೆಂಟ್‌ನಾಗ ಸರಳ ಪಾಸ್ ಆತು. ಟಿಸಿಸಿ (ಹುಣ್ಣಿನ ಮ್ಯಾಲಿನ ಭಾರ ಇಳಿಸಾಕ ಕಾಲಿಗೆ ಹಾಕೋ ಪ್ಲಾಸ್ಟರ್) ಸಾಮಾನು, ಭಾರ ಇಳಿಸೋ ಆಫ್‌ಲೋಡಿಂಗ್ ಚಪ್ಪಲಿ ಬೇಕು ಅಂತ ಇಂಡೆಂಟ್ (ಸಾಮಾನಿನ ಬೇಡಿಕೆ ಚೀಟಿ) ಹಾಕಿದ್ರ "ಇದು ಪ್ರೊಸೀಜರ್‌ನಾಗ ಬರಂಗಿಲ್ಲ" ಅಂತ ವಾಪಸ್. ಬರ್ತೈತ್ರಿ! ಭಾರ ಇಳಿಸಲಾರದ ಹಾಕಿದ ಶೀಟ್ ಜಾರಿ, ಹರದು, ಡ್ರೆಸ್ಸಿಂಗ್ ಗಾಜ್ ಸಂಗಾಟ ಕಸದ ಡಬ್ಬಿಗೆ ಹೋಗ್ತೈತಿ. ಕಡೀಗೆ ಸರ್ ತಾವ ಫೋನ್ ಮಾಡಿ ಪ್ಲಾಸ್ಟರ್ ರೂಮಿನಿಂದ ಸಾಮಾನು ತರಿಸಿದ್ರು, ಕಾಕಾನ ಮಗನ್ನ ಕರದು ಮಗ್ಗಕ್ಕ ನೀನ ಕೂಡಬೇಕಪಾ ಅಂತ ಒಪ್ಪಿಸಿದೆ.

ಈಗ ಅಂಚು ಒಳಗ ಸರದೈತಿ, ಹುಣ್ಣಿನ ಕೆಂಪು ತಳ ಚೊಲೊ ಐತಿ, ಪೂರಾ ಮುಚ್ಚಿಲ್ಲ. ಇಂಡೆಂಟ್ ಮತ್ತ ಹಾಕೀನಿ, ಈ ಸಲ ಶೀಟಿನ ಬಿಲ್ಲಿನ ಜೆರಾಕ್ಸ್ ಹಚ್ಚಿ.