ಹಸ್ತ ಮಳೆಗೆ ಆಗದ ಸಾಮಾನು

2022ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ, ಶಿರಸಿ ಸೀಮೆಯ ನಮ್ಮ ಊರಮನೆಯ ಮೆತ್ತಿನ ಮೇಲಿದ್ದ ಎರಡು ರಟ್ಟಿನ ಪೆಟ್ಟಿಗೆಗಳನ್ನು ಕೆಳಗಿಳಿಸಿ ಬಿಚ್ಚಿದಾಗ ಮೊದಲು ಮೂಗಿಗೆ ಬಡಿದದ್ದು ಒಂದು ಹುಳಿ ವಾಸನೆ. ಮಳೆಗಾಲದಲ್ಲಿ ಮುಗ್ಗಲು ಹಿಡಿದ ಬಟ್ಟೆಯ ವಾಸನೆ ನಮ್ಮ ಕಡೆಯವರಿಗೆ ಹೊಸದಲ್ಲ. ಇದು ಅದಲ್ಲ, ಕೆಟ್ಟ ಬೆಣ್ಣೆಯಂಥದ್ದು. ಡೇರೆಯ ಬಟ್ಟೆಯ ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸಿದಾಗ ಸರ್ರೆಂದು ಸದ್ದು ಮಾಡುತ್ತಿದ್ದವು. ಮುಟ್ಟಿದರೆ ಹಲಸಿನ ಮೇಣದಂತೆ ಕೈಗೆ ಜಿಗುಟು ಹತ್ತುತ್ತಿತ್ತು. ಮಳೆ ಬಿಟ್ಟ ಒಂದು ಮಧ್ಯಾಹ್ನ ಅದನ್ನು ಅಂಗಳದಲ್ಲಿ ಹರವಿ, ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಿ ಒರೆಸಿ, ಜಿಗುಟು ಹೋಯಿತೆಂದು ಸಮಾಧಾನಪಟ್ಟುಕೊಂಡೆ. ಆ ಅಂಟಿನ ಅರ್ಥವೇನೆಂದು ಆಗಲೇ ತಿಳಿದಿದ್ದರೆ ಮುಂದಿನ ಎರಡು ದಿನಗಳು ಬೇರೆಯಾಗಿರುತ್ತಿದ್ದವು.

ಈ ಸಾಮಾನುಗಳನ್ನು ನಾನು ಕೊಂಡದ್ದು 2018ರ ಆಗಸ್ಟ್‌ನಲ್ಲಿ, ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾಗ. ಆ ಡಿಸೆಂಬರ್‌ನಲ್ಲಿ ಸಹೋದ್ಯೋಗಿಗಳ ಜೊತೆ ಉತ್ತರಾಖಂಡದ ಕೇದಾರಕಂಠಕ್ಕೆ, ಹಿಮದ ಮೇಲೆ ನಡೆಯಲು ಹೋಗುವುದೆಂದು ನಿಶ್ಚಯವಾಗಿತ್ತು. ಬೂಟಿಗೆ 7,500 ರೂಪಾಯಿ, ಮಳೆ ಕೋಟಿಗೆ 8,200, 65 ಲೀಟರಿನ ಬೆನ್ನುಚೀಲಕ್ಕೆ 9,000, ಇಬ್ಬರು ಮಲಗುವ ಡೇರೆಗೆ 7,800, ಹಕ್ಕಿಯ ಮೃದುಗರಿ ತುಂಬಿದ ಎರಡು ಮಲಗುವ ಚೀಲಗಳಿಗೆ 9,500, ಒಟ್ಟು 42,000. ಅಂಥ ಚಾರಣಗಳಲ್ಲಿ ಡೇರೆಯನ್ನೂ ಮಲಗುವ ಚೀಲವನ್ನೂ ಸಾಮಾನ್ಯವಾಗಿ ಕರೆದೊಯ್ಯುವವರೇ ಕೊಡುತ್ತಾರೆ, ಉಳಿದವನ್ನು ಬಾಡಿಗೆಗೆ ಪಡೆಯಬಹುದು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಂಡೆ, ಹೇಗೂ ಮುಂದೆ ಮಗಳನ್ನು ಕರೆದುಕೊಂಡು ನಮ್ಮ ಘಟ್ಟದಲ್ಲಿ ತಿರುಗಲು ಬೇಕಾಗುತ್ತದೆ ಎಂದುಕೊಂಡೆ. ನವೆಂಬರ್‌ನಲ್ಲಿ ಅಪ್ಪ ಹಾಸಿಗೆ ಹಿಡಿದರು. ಹಿಮಾಲಯ ಅಲ್ಲಿಗೇ ನಿಂತಿತು. ಮರುವರ್ಷ ಅವರು ತೀರಿಕೊಂಡ ಮೇಲೆ ಪೆಟ್ಟಿಗೆಗಳನ್ನು ಊರಿಗೆ ತಂದು ಮೆತ್ತಿಗೆ ಏರಿಸಿದೆ. ಡೇರೆಯನ್ನು ಅದಕ್ಕೆ ಮುಂಚೆ ಒಮ್ಮೆ ಜೂನ್ ಮಳೆಯಲ್ಲಿ ಪರೀಕ್ಷೆಗೆಂದು ಹೂಡಿ, ಪೂರ್ತಿ ಒಣಗಿಸದೆ ಮಡಿಸಿದ್ದೆ.

ಯಾಣಕ್ಕೆ ಕಾಲುದಾರಿಯಲ್ಲಿ ಹೋಗಬೇಕೆಂಬುದು ಅಪ್ಪನ ಮಾತು. 'ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ' ಎಂದು ನಮ್ಮ ಕಡೆಯ ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ದಟ್ಟ ಕಾಡಿನ ನಡುವೆ 120 ಮೀಟರ್ ಎತ್ತರಕ್ಕೆ ನಿಂತ ಭೈರವೇಶ್ವರ ಶಿಖರವನ್ನೂ ಅದರ ಪಕ್ಕದ 90 ಮೀಟರಿನ ಮೋಹಿನಿ ಶಿಖರವನ್ನೂ ನೋಡಬೇಕೆಂದರೆ ಒಂದು ಕಾಲಕ್ಕೆ ಮೈಯಲ್ಲಿ ಕಸುವು ಇರಲೇಬೇಕಿತ್ತು. ಅಪ್ಪನೂ ಅವನ ತಮ್ಮ, ಅಂದರೆ ನನ್ನ ಅಪ್ಪಚ್ಚಿಯೂ, ಹುಡುಗರಾಗಿದ್ದಾಗ ಶಿವರಾತ್ರಿಯ ಜಾತ್ರೆಗೆ ಅಜ್ಜನ ಹಿಂದೆ ನಮ್ಮೂರ ಬೆಟ್ಟದಿಂದ ಇಳಿದು ನಡೆದೇ ಹೋಗುತ್ತಿದ್ದರು. ಅಪ್ಪಚ್ಚಿಯ ಲೆಕ್ಕದಲ್ಲಿ ಅದು ಮೂರು ತಾಸಿನ ದಾರಿ. ವಾಹನ ಹೋಗುವ ರಸ್ತೆಯಾದ ಮೇಲೆ ಆ ದಾರಿಯನ್ನು ಯಾರೂ ತುಳಿಯುತ್ತಿರಲಿಲ್ಲ, ಅದರ ಗುರುತು ತಿಳಿದವರೂ ನಮ್ಮ ಮನೆತನದಲ್ಲಿ ಅಪ್ಪಚ್ಚಿ ಒಬ್ಬರೇ ಉಳಿದಿದ್ದರು. ಅವರಿಗೆ ಆಗ 71, ಮಗಳಿಗೆ 12. ಅಕ್ಟೋಬರ್ 1 ಮತ್ತು 2 ಶನಿವಾರ, ಭಾನುವಾರವಾಗಿ ಬಂದಿದ್ದವು. ಕಾಡಿನೊಳಗೆ ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲವಾದ್ದರಿಂದ ಶನಿವಾರ ರಾತ್ರಿ ಮನೆಯ ಮೇಲಿನ ನಮ್ಮದೇ ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಡೇರೆ ಹೂಡಿ ನಾನೂ ಮಗಳೂ ಮಲಗುವುದು, ಬೆಳಿಗ್ಗೆ ಅಪ್ಪಚ್ಚಿಯ ಜೊತೆ ಹೊರಡುವುದು ಎಂದಾಯಿತು. ಬ್ಯಾಣಕ್ಕೆ ನಾನು ಹೊತ್ತು ತಂದ ಹೊರೆಯನ್ನು ಕಂಡು ಅಪ್ಪಚ್ಚಿ, "ಇಷ್ಟೆಲ್ಲ ಎಂತಕ್ಕೆ ತಂದ್ಯೋ ಮಾಣಿ?" ಎಂದು ಕೇಳಿದರು. ಕಾಳಜಿಯ ಪ್ರಶ್ನೆ ಅದು. ಹಸ್ತ ಮಳೆ ಇನ್ನೂ ಮುಗಿದಿರಲಿಲ್ಲ.

ರಾತ್ರಿ ಹತ್ತರವರೆಗೆ ಎಲ್ಲವೂ ಸರಿಯಿತ್ತು. ಮಗಳು ಡೇರೆಯ ಜಾಲರಿಯಿಂದ ಮಿಂಚುಹುಳಗಳನ್ನು ನೋಡುತ್ತ, ನಾಳೆಯ ದಾರಿಯ ಬಗ್ಗೆ ಕೇಳುತ್ತ ನಿದ್ದೆಹೋದಳು. ಮಲಗುವ ಚೀಲಗಳು ಶೂನ್ಯಕ್ಕಿಂತ 5 ಡಿಗ್ರಿ ಕೆಳಗಿನ ಚಳಿಗೆಂದು ಮಾಡಿದವು. ಘಟ್ಟದಂಚಿನ ಆ ರಾತ್ರಿಯಲ್ಲಿ ಒಳಹೊಕ್ಕು ಜಿಪ್ ಎಳೆದರೆ ಉಸಿರುಗಟ್ಟುವಷ್ಟು ಸೆಕೆ. ಆದ್ದರಿಂದ ಅವನ್ನು ಬಿಚ್ಚಿ ಕೆಳಗೆ ಹಾಸಿಕೊಂಡಿದ್ದೆವು. ಹನ್ನೊಂದಕ್ಕೆ ಮಳೆ ಹಿಡಿಯಿತು. ಹೊರಹೊದಿಕೆಯ ನೈಲಾನ್ ನೀರು ಕುಡಿದು ಸಡಿಲಾಗಿ, ಜೋತುಬಿದ್ದು, ಒಳಗಿನ ಜಾಲರಿಗೆ ತಾಗಿತು. ತಾಗಿದಲ್ಲೆಲ್ಲ ಹನಿ ಇಳಿಯತೊಡಗಿತು. ಹೊಲಿಗೆಯ ಮೇಲೆ ಅಂಟಿಸಿದ್ದ ಪಟ್ಟಿ ಸಿಪ್ಪೆಯಂತೆ ಎದ್ದು ಬಂದಿದ್ದುದು ಬ್ಯಾಟರಿ ಬೆಳಕಿನಲ್ಲಿ ಕಂಡಿತು. ಒಂದೂವರೆಯ ಸುಮಾರಿಗೆ ಮಗಳು ಎದ್ದು ಕುಳಿತು, "ಅಪ್ಪಾ, ಕಾಲಬುಡದಲ್ಲಿ ಪೂರಾ ನೀರು" ಎಂದಳು. ನೆಲದ ಹಾಸು ನೀರನ್ನು ತಡೆಯುವುದಿರಲಿ, ಸೋಸಿ ಒಳಗೆ ಬಿಡುತ್ತಿತ್ತು. ಗರಿಯ ಚೀಲಗಳು ಒದ್ದೆಯಾಗಿ, ಒಳಗಿನ ಗರಿ ಮುದ್ದೆಕಟ್ಟಿ, ಹಿಂಡಿದ ಹಸಿಬಟ್ಟೆಯಂತಾಗಿದ್ದವು. ಅವಳು ನಡುಗುತ್ತಿದ್ದಳು. ಅಷ್ಟರಲ್ಲಿ ಕೆಳಗಿನಿಂದ ಒಂದು ಬೆಳಕು ಏರಿ ಬಂತು; ಕಂಬಳಿ ಕೊಪ್ಪೆ ಹೊದ್ದ ಅಪ್ಪಚ್ಚಿ ಏನೂ ಕೇಳದೆ ಕೊಪ್ಪೆಯನ್ನು ಅವಳ ಮೇಲೆ ಹಾಕಿ, ಕೈಹಿಡಿದು ಮನೆಗೆ ಕರೆದೊಯ್ದರು. ಬಚ್ಚಲ ಒಲೆಯ ಮುಂದೆ ಕೂತ ಮೇಲೆಯೇ ಅವಳ ತುಟಿಗೆ ಬಣ್ಣ ಮರಳಿದ್ದು.

ಆ ಹುಳಿ ವಾಸನೆಯ ಕಾರಣ ನನಗೆ ತಿಳಿದದ್ದು ಆಮೇಲೆ. ಡೇರೆಯ ಬಟ್ಟೆ ತಾನಾಗಿ ನೀರು ತಡೆಯುವುದಿಲ್ಲ; ಅದರ ಮೇಲೆ ಬಳಿದ ಪಾಲಿಯುರೆಥೇನ್ ಎಂಬ ತೆಳುಪದರ ತಡೆಯುತ್ತದೆ. ನನ್ನ ಡೇರೆಯ ಮೇಲೆ 3,000 ಮಿಲಿಮೀಟರ್ ಎಂದು ಬರೆದಿತ್ತು. ಅಂದರೆ ಬಟ್ಟೆಯ ಮೇಲೆ 3 ಮೀಟರ್ ಎತ್ತರದ ನೀರಿನ ಕಂಬ ನಿಂತರೂ ಸೋರಬಾರದು. ಆದರೆ ಆ ಅಂಕಿ ಹೊಸ ಬಟ್ಟೆಯದ್ದು. ಗಾಳಿಯಲ್ಲಿನ ನೀರಿನ ಆವಿಯೇ ಈ ಪದರವನ್ನು ಮೆಲ್ಲಗೆ ಒಡೆಯುತ್ತ ಹೋಗುತ್ತದೆ. ಸೆಕೆ ಮತ್ತು ತೇವ ಹೆಚ್ಚಿದ್ದಷ್ಟೂ ಬೇಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗ್ಗಕ್ಕೆ ಹಾಕಿದ ಪಂಚೆ ನಾಲ್ಕು ದಿನವಾದರೂ ಒಣಗದ, ಗೋಡೆಯೇ ಬೆವರುವ ಊರಿನಲ್ಲಿ, ಒದ್ದೆಯಾಗಿಯೇ ಮಡಿಸಿಟ್ಟ ಡೇರೆ ಮೆತ್ತಿನ ಮೇಲೆ ಮಳೆಗಾಲಗಳನ್ನು ಕಳೆದಿತ್ತು. ಒಂದೇ ಒಂದು ರಾತ್ರಿಯೂ ಅದರಲ್ಲಿ ಮಲಗುವ ಮೊದಲೇ ಅದು ಸತ್ತುಹೋಗಿತ್ತು. ಕೊಂಡು ಬಳಸದೆ ಇಟ್ಟರೆ ಹೊಸದಾಗಿಯೇ ಉಳಿಯುತ್ತದೆ ಎಂದು ನಾನು ನಂಬಿದ್ದೆ. ಪಾತ್ರೆಗೆ, ಕತ್ತಿಗೆ ಆ ನಂಬಿಕೆ ಸಲ್ಲಬಹುದು, ಇಂಥ ವಸ್ತುಗಳಿಗೆ ಸಲ್ಲದು.

ಇಷ್ಟಾದರೂ ಬೆಳಿಗ್ಗೆ ಮಗಳೇ ಹೊರಡೋಣ ಎಂದಳು. ಏಳಕ್ಕೆ ಬೆಟ್ಟ ಹತ್ತಿದೆವು. ಮೊದಲ ಏರಿನಲ್ಲಿಯೇ ಕೋಟಿನೊಳಗೆ ನಾನು ತೊಯ್ದು ಹೋದೆ. ಹೊರಗಿನ ಮಳೆಯನ್ನು ತಡೆದು ಒಳಗಿನ ಬೆವರಿನ ಆವಿಯನ್ನು ಹೊರಗೆ ಬಿಡುತ್ತದೆ ಎಂಬುದೇ ಅದರ ಹೆಗ್ಗಳಿಕೆಯಾಗಿತ್ತು, ಅದು ಸುಳ್ಳೂ ಅಲ್ಲ. ಆದರೆ ಆವಿ ಹೊರಹೋಗಬೇಕಾದರೆ ಒಳಗಿಗಿಂತ ಹೊರಗಿನ ಗಾಳಿ ಒಣಗಿರಬೇಕು, ತಣ್ಣಗಿರಬೇಕು. ಹಿಮದ ನಾಡಿನಲ್ಲಿ ಹಾಗಿರುತ್ತದೆ. ನಮ್ಮ ಘಟ್ಟದ ಗಾಳಿ ಹಸ್ತ ಮಳೆಯಲ್ಲಿ ತಾನೇ ನೀರು ತುಂಬಿ ನಿಂತಿರುವಾಗ ಮೈಯ ಆವಿ ಎಲ್ಲಿಗೆ ಹೋದೀತು? ಅದರ ಜೊತೆಗೆ, ನೀರನ್ನು ಮಣಿಯಂತೆ ಉರುಳಿಸುವ ಮೇಲ್ಲೇಪವೂ ಮಾಸಿ, ಹೊರಬಟ್ಟೆಯೇ ನೀರು ಹೀರಿ ಮೈಗೆ ಅಂಟುತ್ತಿತ್ತು. ನನ್ನ ಮುಂದೆ ಅಪ್ಪಚ್ಚಿ ತೋಳಿಲ್ಲದ ಬನಿಯನ್ನು, ಮೊಣಕಾಲ ಮೇಲೆ ಕಟ್ಟಿದ ಪಂಚೆ, ಕೊಪ್ಪೆ, ಕಾಲಿಗೆ ತೋಟದ ಕೆಲಸಕ್ಕೆ ಹಾಕುವ ಕಪ್ಪು ಪ್ಲಾಸ್ಟಿಕ್ ಶೂ, ಇಷ್ಟರಲ್ಲಿ ಹಗುರಾಗಿ ನಡೆಯುತ್ತಿದ್ದರು. ಕೊಪ್ಪೆಯ ಮುಂಭಾಗ ತೆರೆದಿರುತ್ತದೆ, ಗಾಳಿ ಆಡುತ್ತದೆ. ಉಣ್ಣೆ ನೆನೆದರೂ ಬೆಚ್ಚಗಿರುತ್ತದೆ. ಮಗಳ ಕಾಲಿಗೆ ಶಿರಸಿಯ ಟೇಲರ್ ಒಬ್ಬರು ದಪ್ಪ ಹತ್ತಿ ಬಟ್ಟೆಯಲ್ಲಿ 120 ರೂಪಾಯಿಗೆ ಹೊಲಿದುಕೊಟ್ಟಿದ್ದ, ಮೊಣಕಾಲವರೆಗೆ ಬರುವ ಚೀಲಗಳಿದ್ದವು. ಸುಣ್ಣ, ತಂಬಾಕು ಸವರಿದ ಆ ಬಟ್ಟೆಯನ್ನು ದಾಟಿ ಒಂದು ಉಂಬಳವೂ, ಅಂದರೆ ಜಿಗಣೆಯೂ, ಅವಳನ್ನು ಹಿಡಿಯಲಿಲ್ಲ. ನಾವು ತೊಟ್ಟದ್ದರಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ. ಬೆನ್ನುಚೀಲವೂ, ಮಳೆಹೊದಿಕೆ ಹಾಕಿದ್ದರೂ, ಬೆನ್ನಿನ ಕಡೆಯಿಂದ ಇಳಿದ ನೀರಿನಿಂದ ಇನ್ನಷ್ಟು ಭಾರವಾಗಿತ್ತು. ಒಳಗೊಂದು ದಪ್ಪ ಪ್ಲಾಸ್ಟಿಕ್ ಕೊಟ್ಟೆ ಹಾಕಿದ್ದರೆ ಸಾಕಿತ್ತು.

ಒಂದು ಹಳ್ಳ ದಾಟಿ, ಸುಮಾರು 3 ಕಿಲೋಮೀಟರ್ ಬಂದಿದ್ದೆವು. ಕಾಲಡಿಯಲ್ಲಿ ಮೆತ್ತಗಿನ ಏನೋ ಕುಸಿದಂತಾಯಿತು. ಹಿಂದಿನಿಂದ ಅಪ್ಪಚ್ಚಿ, "ನಿನ್ನ ಬೂಟಿನ ತಳ ಕಳಚಿ ಹೋಜು ಮಾಣಿ" ಎಂದರು. ಬಲಗಾಲಿನ ತಳ ಕೆಸರಿನಲ್ಲಿ ಹಾಗೆಯೇ ನಿಂತಿತ್ತು. ಹತ್ತು ಹೆಜ್ಜೆಯೊಳಗೆ ಎಡಗಾಲಿನದೂ ಬಾಯಿ ಬಿಟ್ಟಿತು. ಚರ್ಮ ಹೊಸತು, ದಾರ ಹೊಸತು, ತಳದ ರಬ್ಬರಿನ ಹಲ್ಲುಗಳೂ ಸವೆದಿರಲಿಲ್ಲ. ಚರ್ಮಕ್ಕೂ ರಬ್ಬರಿಗೂ ನಡುವೆ ಕಾಲಿಗೆ ಮೆತ್ತಗಿರಲೆಂದು ಕೂರಿಸಿದ್ದ ಪದರ ಬೆರಳಲ್ಲಿ ಹಿಡಿದರೆ ಹಿಟ್ಟಿನಂತೆ ಉದುರುತ್ತಿತ್ತು. ಅದೂ ಪಾಲಿಯುರೆಥೇನೇ, ಅದಕ್ಕೂ ಅದೇ ಗತಿ. ಇಂಥ ಬೂಟುಗಳನ್ನು ಆಗಾಗ ಹಾಕಿ ನಡೆಯುತ್ತಿದ್ದರೆ ಹೆಚ್ಚು ಬಾಳುತ್ತವೆ, ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಬೇಗ ಹಾಳಾಗುತ್ತವೆ ಎಂದು ಆಮೇಲೆ ತಿಳಿಯಿತು. ನಾನು ಅವನ್ನು ಹಾಕಿದ್ದು ಅದಕ್ಕೆ ಮೊದಲು ಮೂರೇ ಸಲ.

ಬರಿಗಾಲಲ್ಲಿ ಬರುತ್ತೇನೆ ಎಂದೆ. ಅಪ್ಪಚ್ಚಿ ಒಪ್ಪಲಿಲ್ಲ. ಮುಂದೆ ಜಾರುವ ಕಲ್ಲುಗಳ ಇಳಿಜಾರು, ಬೆತ್ತದ ಮುಳ್ಳು, ಮಗುವನ್ನು ಹಿಡಿದುಕೊಳ್ಳಬೇಕಾದವನು ನೀನೇ ಎಂದು ಒಂದೊಂದಾಗಿ ಹೇಳಿದರು. ನಾನು ಬಳ್ಳಿಯಿಂದ ಕಟ್ಟಿದೆ, ಹಗ್ಗದಿಂದ ಕಟ್ಟಿದೆ. ನೂರು ಹೆಜ್ಜೆಗೂ ನಿಲ್ಲಲಿಲ್ಲ. ಕೊನೆಗೆ ತಿರುಗಿದೆವು. ಮಗಳು ಏನೂ ಅನ್ನಲಿಲ್ಲ. ಅಪ್ಪಚ್ಚಿ ಮಾತ್ರ ಆ ತಿರುವಿನಲ್ಲಿ ಸ್ವಲ್ಪ ಹೊತ್ತು ನಿಂತು, ಇಳಿದು ಹೋಗುವ ದಾರಿಯನ್ನು ನೋಡಿದರು. ಇನ್ನೊಂದು ತಾಸು ನಡೆದರೆ ಮರಗಳ ಸಂದಿಯಲ್ಲಿ ಮೊದಲ ಬಾರಿಗೆ ಯಾಣದ ಕಲ್ಲು ಕಾಣುವ ಜಾಗ ಬರುತ್ತದೆ, ಅಲ್ಲಿ ಅಜ್ಜ ಎಲೆ ಹಾಕಲು ಕೂರುತ್ತಿದ್ದ ಎಂದರು. ಆ ಜಾಗವನ್ನು ನೋಡಬೇಕೆಂದೇ ಅವರೂ ಬಂದಿದ್ದರೆಂದು ನನಗೆ ಅರ್ಥವಾದದ್ದು ಆಗ.

ಸೋಮವಾರ ಹುಬ್ಬಳ್ಳಿಗೆ ಮರಳುವ ಮೊದಲು ಶಿರಸಿ ಪೇಟೆಯಲ್ಲಿ, ಅಡಕೆ ಮರ ಹತ್ತುವ ಕೊನೆಗೌಡರೂ ತೋಟದ ಆಳುಗಳೂ ಸಾಮಾನು ಕೊಳ್ಳುವ ಅಂಗಡಿಯೊಂದಕ್ಕೆ ಹೋದೆ. ಅಪ್ಪಚ್ಚಿಯದರಂಥದ್ದೇ ಪ್ಲಾಸ್ಟಿಕ್ ಶೂ, ನಾಲ್ಕು ಮೂಲೆಗೆ ಕಣ್ಣಿರುವ ದಪ್ಪ ತಾಡಪತ್ರಿ, ಒಂದು ದೊಡ್ಡ ಕೊಡೆ, ಎಲ್ಲ ಸೇರಿ 1,900 ರೂಪಾಯಿ ಆಯಿತು. ಅಡಕೆಗೆ ಕೊಳೆರೋಗ ಬಾರದಂತೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯೊಡನೆ ತಲೆಮಾರುಗಳಿಂದ ಹೋರಾಡಿದ ಜನ ಸಾಮಾನು ಕೊಳ್ಳುವ ಅಂಗಡಿ ಅದು. ಅಲ್ಲಿ ನೇತುಹಾಕಿದ ಪ್ರತಿಯೊಂದು ವಸ್ತುವೂ ಈ ಮಳೆಯಲ್ಲಿ ಪಾಸಾಗಿ ಬಂದದ್ದು. ನಾನು ಅದೇ ಊರಲ್ಲಿ ಹುಟ್ಟಿ, ಅದೇ ಮಳೆಯಲ್ಲಿ ಶಾಲೆಗೆ ಹೋದವನು, ನಡೆಯುವ ಸಾಮಾನು ಕೊಳ್ಳುವಾಗ ಮಾತ್ರ ಆ ಅಂಗಡಿಯನ್ನು ನೆನೆಯಲೇ ಇಲ್ಲ ಎಂಬುದು ಹಣಕ್ಕಿಂತ ಹೆಚ್ಚು ನೋಯಿಸುತ್ತದೆ.

ದಸರೆಯ ನಂತರ, ಮಳೆ ಪೂರ್ತಿ ಬಿಟ್ಟ ಮೇಲೆ ಮತ್ತೆ ಹೋಗೋಣ ಎಂದುಕೊಂಡೆವು. ಅಡಕೆಯ ಕೊನೆಕೊಯ್ಲು ಬಂತು, ನನ್ನ ರಜೆ ಕೂಡಲಿಲ್ಲ. 2023ರ ಮಳೆಗಾಲದಲ್ಲಿ ತೋಟದ ಸಂಕದ ಮೇಲೆ ಜಾರಿ ಬಿದ್ದು ಅಪ್ಪಚ್ಚಿಯ ಬಲಮೊಣಕಾಲು ಕೆಟ್ಟಿತು. ಬೆಟ್ಟ ಇಳಿಯುವುದು ಇನ್ನಾಗದೆಂದು ವೈದ್ಯರು ಹೇಳಿದರು.

2024ರ ಜನವರಿಯಲ್ಲಿ ಕಾರಿನಲ್ಲಿ ಯಾಣಕ್ಕೆ ಹೋದೆವು. ಅಪ್ಪಚ್ಚಿ ವಾಹನ ನಿಲ್ಲಿಸುವ ಜಾಗದಲ್ಲಿಯೇ ಕುಳಿತರು. ನಾವು ಶಿಖರಗಳನ್ನು ನೋಡಿ ಬಂದ ಮೇಲೆ ಮಗಳು ಅವರ ಪಕ್ಕ ಕೂತು, "ಅಜ್ಜಾ, ನಮ್ಮ ದಾರಿ ಎಲ್ಲಿ ಬಂದು ಸೇರ್ತು?" ಎಂದು ಕೇಳಿದಳು. ಅವರು ಊರುಗೋಲನ್ನೆತ್ತಿ ದೂರದ ಒಂದು ಮತ್ತಿ ಮರವನ್ನು ತೋರಿಸಿ, ಅದರ ಎಡಕ್ಕೆ ಎಂದರು. ಅವಳು ಅಲ್ಲಿಯವರೆಗೆ ನಡೆದು ಹೋಗಿ, ಬಗ್ಗಿ ತರಗೆಲೆ ಸರಿಸಿ, ಬಹಳ ಹೊತ್ತು ನೋಡಿ ಮರಳಿದಳು. ದಾರಿ ಕಾಣುವುದಿಲ್ಲ, ಆದರೆ ಕಲ್ಲು ಕಟ್ಟಿದ ಎರಡು ಮೆಟ್ಟಿಲುಗಳಿವೆ ಎಂದಳು.

"ಅದೇಯ" ಎಂದರು ಅಪ್ಪಚ್ಚಿ.