ಕನೆಕ್ಟಿಂಗ್ ರಾಡ್ ಬೋಲ್ಟ್ ಬದಲಿಸಿದರೆ ಎಂಜಿನ್ ಬಾಳಿಕೆ ಹೆಚ್ಚುತ್ತದೆಯೇ?

ಕನೆಕ್ಟಿಂಗ್ ರಾಡ್ ಎಂದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ದಂಡ. ಅದರ ಕೆಳತುದಿಯ ಬಿಚ್ಚುವ ಅರ್ಧವಾದ ಕ್ಯಾಪನ್ನು ಹಿಡಿದಿಡುವುದು ಈ ಬೋಲ್ಟ್. ಹೊಸ ಬೋಲ್ಟ್ ಹಾಕಿದ ಮಾತ್ರಕ್ಕೆ ಎಂಜಿನ್ ಗಟ್ಟಿಯಾಗುವುದಿಲ್ಲ. ಬಿಗಿದಾಗ ಬೋಲ್ಟ್ ಎಷ್ಟು ಹಿಗ್ಗಿತು, ಬಿಗಿದ ಮೇಲೆ ಬಿಗ್ ಎಂಡ್ ಬೋರ್ (ಕ್ರ್ಯಾಂಕನ್ನು ಸುತ್ತುವರಿಯುವ ಕೆಳತುದಿಯ ತೂತು) ದುಂಡಗೇ ಉಳಿಯಿತೇ ಎಂಬ ಎರಡು ಸಂಗತಿಗಳ ಮೇಲೆ ಫಲಿತಾಂಶ ನಿಂತಿದೆ. ಇವನ್ನು ಅಳೆಯಲು ಆಗದಿದ್ದರೆ, ಕಂಪನಿ ಹೇಳಿದ ಆರ್‌ಪಿಎಂ ಮಿತಿಯೊಳಗೆ ಓಡುತ್ತಿರುವ ಎಂಜಿನ್ನಿನ ಹಳೇ ಬೋಲ್ಟನ್ನು ಮುಟ್ಟದಿರುವುದೇ ವಾಸಿ.

ರಾಡ್ ಬೋಲ್ಟಿಗೆ ಹೆಚ್ಚು ಹೊರೆ ಬೀಳುವುದು ಪವರ್ ಸ್ಟ್ರೋಕಿನಲ್ಲಿ ಎಂದು ಬಹಳ ಮಂದಿ ಅಂದುಕೊಂಡಿದ್ದಾರೆ. ಆಗ ಒತ್ತಡ ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ಅದನ್ನು ತಡೆಯುವುದು ರಾಡಿನ ಮೈ, ಕ್ಯಾಪ್ ಅಲ್ಲ. ಬೋಲ್ಟನ್ನು ನಿಜವಾಗಿ ಎಳೆಯುವುದು ಎಕ್ಸಾಸ್ಟ್ ಮುಗಿದು ಇನ್‌ಟೇಕ್ ಶುರುವಾಗುವ ಹೊತ್ತಿನ ಟಿಡಿಸಿ, ಅಂದರೆ ಪಿಸ್ಟನ್ ತೀರಾ ಮೇಲಿರುವ ಸ್ಥಾನ. ಮೇಲಕ್ಕೆ ಹಾರಲು ಹೊರಟ ಪಿಸ್ಟನ್ನನ್ನು ಒತ್ತಡದ ನೆರವಿಲ್ಲದೆ ಆ ಎರಡು ಬೋಲ್ಟುಗಳೇ ಹಿಡಿದು ಕೆಳಗೆಳೆಯಬೇಕು. ಪಿಸ್ಟನ್, ಪಿನ್, ರಿಂಗ್, ರಾಡಿನ ಮೇಲ್ತುದಿ ಸೇರಿ 500 ಗ್ರಾಂ, ಸ್ಟ್ರೋಕ್ 86 ಮಿಮೀ ಎಂದಿಟ್ಟುಕೊಂಡರೆ 6000 ಆರ್‌ಪಿಎಂನಲ್ಲಿ ಈ ಎಳೆತ ಸುಮಾರು 11 ಕಿಲೋನ್ಯೂಟನ್, ಅಂದರೆ ಒಂದು ಟನ್ನಿಗೂ ಮಿಗಿಲು. 7000ಕ್ಕೆ ಏರಿಸಿದರೆ ಸುಮಾರು 15. ವೇಗದ ವರ್ಗಕ್ಕೆ ತಕ್ಕಂತೆ ಎಳೆತ ಏರುತ್ತದೆ. ಹಾಗಾಗಿ ಟರ್ಬೊ ಬೂಸ್ಟ್ ಹೆಚ್ಚಿಸಿದ್ದಕ್ಕಿಂತ ರೆವ್ ಲಿಮಿಟ್ ಏರಿಸಿದ್ದು, ತಪ್ಪು ಗೇರಿಗಿಳಿಸಿ ಎಂಜಿನ್ ಓವರ್‌ರೆವ್ ಆದದ್ದು ಬೋಲ್ಟಿಗೆ ಹೆಚ್ಚು ಅಪಾಯ. ಮಿತಿ ಏರಿಸುವ ಯೋಚನೆ ಇದ್ದರೆ ಮೇಲ್ದರ್ಜೆಯ ಬೋಲ್ಟಿಗೆ ಖರ್ಚು ಮಾಡುವುದಕ್ಕೆ ಅರ್ಥವಿದೆ.

ಬೋಲ್ಟ್ ಒಂದು ಗಡುಸಾದ ಸ್ಪ್ರಿಂಗ್. ಬಿಗಿದಾಗ ಹಿಗ್ಗಿ, ಆ ಬಲದಿಂದ ಕ್ಯಾಪನ್ನು ಒತ್ತಿ ಹಿಡಿಯುತ್ತದೆ. ಈ ಬಲ ಪಿಸ್ಟನ್ನಿನ ಎಳೆತಕ್ಕಿಂತ ಹೆಚ್ಚಿರುವವರೆಗೆ ಬೋಲ್ಟಿಗೆ ಪ್ರತಿ ಸುತ್ತಿನ ಏರಿಳಿತ ಅಷ್ಟಾಗಿ ತಟ್ಟುವುದಿಲ್ಲ. ಕಡಿಮೆಯಾದರೆ ಕ್ಯಾಪ್ ಕೂದಲೆಳೆಯಷ್ಟು ಬಾಯಿಬಿಟ್ಟು ಮುಚ್ಚುತ್ತಾ, ಬೋಲ್ಟ್ ದಣಿದು ಬಿರುಕು ಬಿಡುತ್ತದೆ. ಸಡಿಲ ಬಿಗಿತದಿಂದ ಒಳ್ಳೆಯ ದರ್ಜೆಯ ಬೋಲ್ಟೂ ಮುರಿಯುವುದು ಹೀಗೆ.

ಟಾರ್ಕ್ ರೆಂಚ್ ಈ ಹಿಗ್ಗುವಿಕೆಯನ್ನು ನೇರವಾಗಿ ಅಳೆಯುವುದಿಲ್ಲ. ಕೊಟ್ಟ ಟಾರ್ಕಿನಲ್ಲಿ ಸುಮಾರು ಅರ್ಧ ಬೋಲ್ಟ್ ತಲೆಯ ಕೆಳಗಿನ ಘರ್ಷಣೆಗೆ, 40% ಥ್ರೆಡ್ಡಿನ ಘರ್ಷಣೆಗೆ ಹೋಗಿ, ಹಿಗ್ಗಿಸಲು ಉಳಿಯುವುದು 10% ಆಸುಪಾಸು. ಎಂಜಿನ್ ಆಯಿಲ್ ಹಚ್ಚಿ ಬಿಗಿಯಲು ಕೊಟ್ಟ ಟಾರ್ಕನ್ನು ಅದಕ್ಕಿಂತ ಹೆಚ್ಚು ಜಾರುವ ಮಾಲಿ (ಮಾಲಿಬ್ಡಿನಮ್) ಗ್ರೀಸ್ ಹಚ್ಚಿ ಕೊಟ್ಟರೆ ಬೋಲ್ಟ್ ಮಿತಿಮೀರಿ ಹಿಗ್ಗುತ್ತದೆ. ಒಣ ಥ್ರೆಡ್ಡಿಗೆ ಕೊಟ್ಟರೆ ಸಾಲುವುದಿಲ್ಲ. ಬೋಲ್ಟ್ ತಯಾರಕರು ಹೇಳಿದ ಲೂಬ್ರಿಕೆಂಟನ್ನೇ ಥ್ರೆಡ್ಡಿಗೂ ತಲೆಯ ಅಡಿಗೂ ಹಚ್ಚಿ. ಥ್ರೆಡ್ಡಿನ ತೂತು ಕುರುಡಾಗಿದ್ದರೆ (ತಳ ಮುಚ್ಚಿದ್ದರೆ) ಒಳಗೆ ಎಣ್ಣೆ ನಿಲ್ಲಬಾರದು. ತಳದಲ್ಲಿ ಎಣ್ಣೆ ಸಿಕ್ಕಿಕೊಂಡರೆ ರೆಂಚ್ ಸುಳ್ಳು ಹೇಳುತ್ತದೆ.

ರಾಡಿನ ಎರಡೂ ಕಡೆ ಬೋಲ್ಟಿನ ತುದಿ ಸಿಗುವಂತಿದ್ದರೆ ಬೋಲ್ಟಿನ ಉದ್ದ ಅಳೆಯುವ ಸ್ಟ್ರೆಚ್ ಗೇಜೇ ನಂಬಿಕಸ್ಥ. ಬಿಗಿಯುವ ಮುನ್ನ ಪ್ರತಿ ಬೋಲ್ಟಿನ ಉದ್ದ ಅಳೆದು, ಯಾವ ರಾಡಿನ ಯಾವ ಬದಿಯದು ಎಂದು ಬರೆದಿಡಿ. ಮೇಲ್ದರ್ಜೆಯ ಹಲವು ಬೋಲ್ಟುಗಳಿಗೆ 0.13ರಿಂದ 0.15 ಮಿಮೀ ಹಿಗ್ಗಬೇಕೆಂದಿರುತ್ತದೆ. ನಿಮ್ಮ ಬೋಲ್ಟಿನ ಅಂಕಿ ಅದರ ಜೊತೆ ಬಂದ ಚೀಟಿಯಲ್ಲಿರುತ್ತದೆ. ಮುಂದೆಂದಾದರೂ ಬಿಚ್ಚಿದಾಗ ಮೂಲ ಉದ್ದಕ್ಕಿಂತ 0.025 ಮಿಮೀ ಹೆಚ್ಚಿದ್ದರೆ ಆ ಬೋಲ್ಟನ್ನು ಮತ್ತೆ ಹಾಕಬೇಡಿ. ಟಾರ್ಕ್ ಕೊಟ್ಟು ಆಮೇಲೆ 90 ಡಿಗ್ರಿ ತಿರುಗಿಸಿ ಎಂಬಂಥ ಸೂಚನೆ ಇರುವ ಬೋಲ್ಟುಗಳಲ್ಲಿ ಬಹುಪಾಲು ಒಂದೇ ಸಲದ ಬಳಕೆಗೆ. ಅಂಥವು ಒಮ್ಮೆ ಬಿಚ್ಚಿದರೆ ಮುಗಿಯಿತು, ನೋಡಲು ಎಷ್ಟೇ ಹೊಸದಾಗಿ ಕಂಡರೂ. ಬೇರಿಂಗ್ ಕೂತ ಜಾಗದಲ್ಲೇ ತಿರುಗಿ, ಬಿಸಿಗೆ ನೀಲಿಗಟ್ಟಿದ ರಾಡಿನ ಬೋಲ್ಟುಗಳೂ ಅಷ್ಟೇ. ಅಲ್ಲಿ ರಾಡನ್ನೂ ಬದಲಿಸುವುದು ಒಳ್ಳೆಯದು.

ಎಲ್ಲರೂ ಬಿಟ್ಟುಬಿಡುವ ಕೆಲಸ ಬೋರ್ ಅಳತೆ. ಗಟ್ಟಿ ಬೋಲ್ಟ್ ಕ್ಯಾಪನ್ನು ಹೆಚ್ಚು ಬಲದಿಂದ ಒತ್ತುತ್ತದೆ, ಬೋರಿನ ಆಕಾರ ಬದಲಾಗುತ್ತದೆ. ನಟ್ ಇರುವ ಹಳೇ ಮಾದರಿಯ ರಾಡಿನಲ್ಲಿ ಹಳೇ ಬೋಲ್ಟನ್ನು ಪ್ರೆಸ್‌ನಲ್ಲಿ ಹೊರದಬ್ಬಿ ಹೊಸದನ್ನು ಕೂರಿಸುವಾಗ ಕ್ಯಾಪ್ ಪಕ್ಕಕ್ಕೆ ಸರಿಯುವುದೂ ಉಂಟು. ಬೇರಿಂಗ್ ಶೆಲ್ (ಬೋರಿನೊಳಗೆ ಕೂರುವ ಅರೆಬಳೆ) ಇಲ್ಲದೆ ಕ್ಯಾಪ್ ಜೋಡಿಸಿ, ಪೂರ್ತಿ ಬಿಗಿದು, ಡಯಲ್ ಬೋರ್ ಗೇಜಿನಿಂದ ನೆಟ್ಟಗೊಮ್ಮೆ, ಜೋಡಣೆಯ ಗೆರೆಯ ಹತ್ತಿರ ಎರಡೂ ಓರೆಯಲ್ಲಿ ಒಮ್ಮೊಮ್ಮೆ ಅಳೆಯಿರಿ. ಇಲ್ಲಿನ ಟಾಲರೆನ್ಸ್ ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದ್ದು. ಮೀರಿದ್ದರೆ ಹಳೇ ಮಾದರಿಯಲ್ಲಿ ಕ್ಯಾಪಿನ ಮುಖವನ್ನು ತುಸು ತೆಗೆದು, ಬೋರನ್ನು ಉಜ್ಜಿ ಅಳತೆಗೆ ತಂದು (ಹೋನಿಂಗ್) ಸರಿಪಡಿಸಬಹುದು. ತಯಾರಿಸುವಾಗಲೇ ಕ್ಯಾಪನ್ನು ಕತ್ತರಿಸದೆ ಒಡೆದು ಬೇರ್ಪಡಿಸಿದ ಮುಖದ ರಾಡಿನಲ್ಲಿ ಹಾಗೆ ಮಾಡುವಂತಿಲ್ಲ, ಆ ಒರಟು ಮುಖವೇ ಕ್ಯಾಪನ್ನು ಸ್ಥಾನದಲ್ಲಿ ಹಿಡಿದಿರುತ್ತದೆ. ಅಲ್ಲಿ ಉಳಿಯುವ ದಾರಿ ಬೋರ್ ದೊಡ್ಡದು ಮಾಡಿ, ಹೊರವ್ಯಾಸ ಹೆಚ್ಚಿರುವ ಶೆಲ್ ಹಾಕುವುದು. ಅದು ಸಿಗದಿದ್ದರೆ ರಾಡನ್ನೇ ಬದಲಿಸಬೇಕು.

ಮುರಿದ ಬೋಲ್ಟ್ ಸಿಕ್ಕಾಗ ಬೋಲ್ಟೇ ಕಾರಣ ಎಂದು ತೀರ್ಮಾನಿಸಬೇಡಿ. ಎಷ್ಟೋ ಸಲ ಎಣ್ಣೆ ಸಿಗದೆ ಬೇರಿಂಗ್ ಮೊದಲು ಕಚ್ಚಿಕೊಂಡು, ಆಮೇಲೆ ಬೋಲ್ಟ್ ಹೋಗಿರುತ್ತದೆ. ಮುರಿದ ಜಾಗ ಸಣ್ಣಗಾಗಿ ಎಳೆದಂತಿದ್ದರೆ ಅದು ಒಮ್ಮೆಲೇ ಬಿದ್ದ ಹೊರೆ. ಚಪ್ಪಟೆ ಮುಖದಲ್ಲಿ ಅಲೆಯಂಥ ಗೆರೆಗಳಿದ್ದರೆ ದಣಿವಿನ ಬಿರುಕು. ಬಿಗಿತವನ್ನೋ ಬೋಲ್ಟ್ ಮೇಲಿನ ಗೀರನ್ನೋ ಅನುಮಾನಿಸಿ.

ಆಯಿಲ್ ಪ್ಯಾನ್ ಇಳಿಸಿ, ಕ್ಯಾಪ್ ತೆಗೆಯದೆ ಒಂದೊಂದೇ ಬೋಲ್ಟ್ ಬದಲಿಸುವ ರೂಢಿ ಇದೆ. ಅದೇ ಕಂಪನಿಯ ಅದೇ ದರ್ಜೆಯ ಬೋಲ್ಟಿಗೆ ಅದು ನಡೆದೀತು, ಮೇಲ್ದರ್ಜೆಯದಕ್ಕೆ ನಾನು ಒಪ್ಪುವುದಿಲ್ಲ, ಬೋರ್ ಅಳೆಯಲು ಅಲ್ಲಿ ಅವಕಾಶವೇ ಇಲ್ಲ. ಹೇಗೇ ಮಾಡಿದರೂ ಒಂದೊಂದು ರಾಡ್ ಬಿಗಿದ ಕೂಡಲೇ ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ. ಎಲ್ಲ ಬಿಗಿದ ಮೇಲೆ ತಿರುಗಿಸಿದರೆ, ಗಡುಸಾದದ್ದು ಯಾವ ರಾಡಿನಿಂದ ಎಂದು ಗೊತ್ತಾಗದೆ ಮತ್ತೆಲ್ಲ ಬಿಚ್ಚಬೇಕಾಗುತ್ತದೆ, ಒಂದೇ ಬಳಕೆಯ ಬೋಲ್ಟುಗಳಾದರೆ ಇನ್ನೊಂದು ಸೆಟ್ ತರಬೇಕಾಗುತ್ತದೆ.